ಬದಲಿ ಕುರ್ಚಿ

ನನ್ನ ಅಣ್ಣನ ಮಗಳಿಗೆ ಅಪ್ಪ ಅಮ್ಮ ಆಸೆಪಟ್ಟು ಇಟ್ಟ ಹೆಸರೊಂದಿದೆ. ಅದು ಶಾಲೆಯ ಹಾಜರಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಳಕೆಯಾಗಲಿಲ್ಲ. ನಮಗೆಲ್ಲ ಅವಳು ಮೊಂಡಿ. ಹಾಗೆ ಕರೆದವಳು ನಾನೇ. ಊಟಕ್ಕೆ ಕರೆದರೆ ಬರುವುದಿಲ್ಲ, ಬೈದರೆ ಅಳುವುದಿಲ್ಲ, ಎತ್ತಿಕೊಂಡು ಹೋಗಿ ಬೇರೆ ಕಡೆ ಕೂರಿಸಿದರೆ ಪುಟಪುಟನೆ ನಡೆದು ಮೊದಲಿದ್ದ ಜಾಗಕ್ಕೇ ಬಂದು ಕೂರುವ ಮಗುವನ್ನು ಇನ್ನೇನಂತ ಕರೆಯಬೇಕಿತ್ತು? ಹಾಗಂತ ಮನೆಯಲ್ಲಿ ಮೊಂಡಿ ಅವಳೊಬ್ಬಳೇ ಏನಲ್ಲ. ಗಂಡನ ಮನೆ ಬಿಟ್ಟು, ನನ್ನ ಹೊಲಿಗೆ ಮೆಷಿನ್ನೊಂದನ್ನೇ ಗಾಡಿಗೆ ಏರಿಸಿಕೊಂಡು ಅಣ್ಣನ ಮನೆಗೆ ಬಂದವಳು ನಾನು. ಬಂದ ದಿನವೇ ಹೇಳಿದ್ದೆ, ಯಾರಾದರೂ ಬುದ್ಧಿ ಹೇಳಲು ಶುರುಮಾಡಿದರೆ ಮೆಷಿನ್ ಸಮೇತ ಇಲ್ಲಿಂದಲೂ ಹೊರಡುತ್ತೇನೆ ಅಂತ. ಯಾರೂ ಶುರುಮಾಡಲಿಲ್ಲ.

ಅಣ್ಣನದು ಕುಶನ್ ಅಂಗಡಿ. ಸೋಫಾ, ಆಫೀಸಿನ ಕುರ್ಚಿ, ಸ್ಕೂಟರ್ ಸೀಟು, ಕ್ಷೌರದಂಗಡಿಯ ತಿರುಗುವ ಕುರ್ಚಿ, ಜನ ಕೂರುವಂಥದ್ದು ಯಾವುದು ಹರಿದರೂ ನಮ್ಮಲ್ಲಿಗೆ ಬರುತ್ತದೆ. ಮುಂದೆ ಶಟರ್, ಒಳಗೆ ಉದ್ದನೆಯ ಕೋಣೆ, ಅದರ ಬೆನ್ನಿಗೇ ಮನೆ. ಬಾಗಿಲ ಬೆಳಕಿಗೆ ನನ್ನ ಮೆಷಿನ್ನು, ನಡುವೆ ಅಣ್ಣನ ಹಲಗೆ, ಸುತ್ತಿಗೆ, ಬಾಗಿದ ಸೂಜಿಗಳು, ಗೋಡೆಗೆ ಒರಗಿಸಿದ ಫೋಮ್ ಹಾಳೆಗಳು, ಮೂಲೆಯಲ್ಲಿ ಹೊಟ್ಟೆ ಬಗೆಸಿಕೊಂಡು ಸರದಿ ಕಾಯುವ ಸೋಫಾಗಳು. ನಮ್ಮ ಬಟ್ಟೆ, ಹಾಸಿಗೆ, ಊಟ ಎಲ್ಲಕ್ಕೂ ಅಂಟಿನ ವಾಸನೆ. ಅತ್ತಿಗೆ ಆಸ್ಪತ್ರೆಯಲ್ಲಿ ಆಯಾ. ಹೆಚ್ಚಾಗಿ ರಾತ್ರಿ ಪಾಳಿ. ಅವಳದು ಮಾತು ಕಡಿಮೆ. ಅಣ್ಣ, ನಾನು, ಮೊಂಡಿ ಸೇರಿ ಆ ಕೊರತೆಯನ್ನು ಧಾರಾಳವಾಗಿ ತುಂಬುತ್ತಿದ್ದೆವು.

ಮೊಂಡಿ ಪ್ರಾಥಮಿಕ ಶಾಲೆಯಲ್ಲಿದ್ದಾಗ ಒಂದು ದಿನ ಬ್ಯಾಂಕ್ ಮ್ಯಾನೇಜರರ ಕುರ್ಚಿ ಸಿದ್ಧವಾಗಿ ನಿಂತಿತ್ತು. ಶಾಲೆಯಿಂದ ಬಂದವಳು ಅದರ ಮೇಲೆ ಕೂತು, "ಚುಚ್ಚುತ್ತೆ" ಅಂದಳು. ಅಣ್ಣ ಕೂತು ನೋಡಿದ. ಏನೂ ಇಲ್ಲ. ನಾನೂ ಕೂತೆ. ಏನೂ ಇಲ್ಲ. ಬ್ಯಾಂಕಿನ ಜವಾನ ಕುರ್ಚಿ ಒಯ್ಯಲು ಬಂದರೆ ಇವಳು ಅದನ್ನು ಬಿಟ್ಟು ಏಳಳು. ಜವಾನ ಗಡಿಯಾರ ನೋಡುತ್ತಿದ್ದಾನೆ, ಅಣ್ಣನ ಮುಖ ಕೆಂಪಾಗುತ್ತಿದೆ. ಕೊನೆಗೆ ಅವಳ ಬಾಯಿ ಮುಚ್ಚಿಸಬೇಕೆಂದೇ ಅಣ್ಣ ಸೀಟು ಬಿಚ್ಚಿ, ಒಳಗೆಲ್ಲ ಕೈಯಾಡಿಸಿ ತೋರಿಸಿ, ಮತ್ತೆ ಮೊಳೆ ಹೊಡೆದ. ಒಳಗೆ ಏನೂ ಇರಲಿಲ್ಲ. ಮೊಂಡಿ ಇನ್ನೊಮ್ಮೆ ಕೂತು, "ಈಗ ಚುಚ್ಚಲ್ಲ" ಅಂತ ಎದ್ದು ಹೋದಳು. ಅವತ್ತು ಅಣ್ಣ ನನ್ನ ಕಡೆ ತಿರುಗಿ, "ಇವಳನ್ನ ಕಟ್ಟಿಕೊಂಡು ಹೇಗಮ್ಮ ಏಗೋದು" ಅಂದ. ನಾನು ದಾರ ಪೋಣಿಸುತ್ತ ನಗುತ್ತಿದ್ದೆ.

ಇಂಥವಳು ಬೆಳೆದು ವಿಶ್ವವಿದ್ಯಾಲಯಕ್ಕೆ ಸೇರುವ ಕಾಲ ಬಂತು. ಅಂಕ ಚೆನ್ನಾಗಿಯೇ ಇದ್ದವು. ಲೆಕ್ಕಶಾಸ್ತ್ರ ಓದಲಿ ಅಂತ ಅಣ್ಣ, ನರ್ಸಿಂಗ್ ಓದಲಿ ಅಂತ ಅತ್ತಿಗೆ. ಇವಳು ಮನೆಗೆ ಬಂದು ಹೇಳಿದ್ದು ಉದ್ಯಮಶೀಲತೆ. ಅದನ್ನೇ ಮುಖ್ಯ ವಿಷಯವಾಗಿ ನಾಲ್ಕು ವರ್ಷ ಓದುತ್ತಾಳಂತೆ.

"ಹಾಗಂದ್ರೆ?" ಅಂದ ಅಣ್ಣ.

"ವ್ಯಾಪಾರ ಶುರು ಮಾಡೋದು ಹೇಗೆ, ನಡೆಸೋದು ಹೇಗೆ ಅಂತ."

ಅಣ್ಣ ಸುತ್ತಿಗೆ ಕೆಳಗಿಟ್ಟ. ಅವನು ಸುತ್ತಿಗೆ ಕೆಳಗಿಟ್ಟರೆ ಭಾಷಣ ಬರುತ್ತದೆ ಅಂತ ಲೆಕ್ಕ. "ಇಡೀ ಆಯುಷ್ಯ ಅಂಗಡಿ ನಡೆಸ್ತಿದ್ದೀನಿ, ಯಾವ ಮೇಷ್ಟ್ರನ್ನ ಕೇಳಿದ್ದೆ ನಾನು? ಇಲ್ಲಿ ಬಿಟ್ಟಿ ಕಲಿಸೋದನ್ನ ಅಲ್ಲಿ ಫೀಸ್ ಕಟ್ಟಿ ಕಲೀತೀಯಾ? ಮೊಳೆ ಹೊಡೆಯೋದನ್ನ ಪಾಠ ಕೇಳಿ ಕಲಿಯೋಕಾಗುತ್ತಾ?"

"ಮೊಳೆ ಹೊಡೆಯೋದು ನಿನ್ನ ಹತ್ರ ಕಲ್ತಾಯ್ತಲ್ಲಪ್ಪ. ಜನ ಅಂಗಡಿಗೆ ಯಾಕೆ ಬರ್ತಾರೆ, ಒಂದಿನ ಬರೋದು ಯಾಕೆ ನಿಲ್ಲಿಸ್ತಾರೆ, ಅದು ನಿನಗೆ ಗೊತ್ತಾ?"

"ಬರೋರು ಬರ್ತಾರೆ, ಬಿಡೋರು ಬಿಡ್ತಾರೆ."

"ಅದಕ್ಕೇ ಓದೋಕೆ ಹೋಗ್ತಿರೋದು" ಅಂದಳು ಮೊಂಡಿ.

ವಿಷಯ ನೆಂಟರ ತನಕ ಹೋಯಿತು. ಅಣ್ಣನ ಷಡ್ಡಕ ಸರ್ಕಾರಿ ಕಚೇರಿಯ ಗುಮಾಸ್ತ. ಎಲ್ಲರ ಮಕ್ಕಳ ಭವಿಷ್ಯದ ಬಗ್ಗೆ ಅವನಿಗೆ ಬಹಳ ಚಿಂತೆ. ಮನೆಗೇ ಬಂದು, ನಮ್ಮದೇ ಸೋಫಾ ಮೇಲೆ ಕೂತು, "ಇದನ್ನ ಓದಿದ್ರೆ ನಿನಗೆ ಕೆಲಸ ಯಾರಮ್ಮ ಕೊಡ್ತಾರೆ?" ಅಂದ. "ಕೆಲಸ ಕೊಡೋದು ಹೇಗೆ ಅಂತಾನೇ ಚಿಕ್ಕಪ್ಪ ಅಲ್ಲಿ ಕಲಿಸೋದು" ಅಂದಳು ಇವಳು. ಅವನು ಕಾಫಿ ಲೋಟ ಕೆಳಗಿಟ್ಟು ಎದ್ದ. ಅತ್ತಿಗೆ ರಾತ್ರಿ ಪಾಳಿಗೆ ಹೊರಡುವಾಗ ಅರ್ಜಿಗೆ ತನ್ನ ಸಹಿ ಹಾಕಿ ಹೋದಳು. ಜಗಳ ಅಲ್ಲಿಗೆ ಮುಗಿಯಿತು.

ಮೊದಲ ವರ್ಷ ನಮಗೆ ತಮಾಷೆಯೋ ತಮಾಷೆ. ದಿನಕ್ಕೊಂದು ದೊಡ್ಡ ಪದ ಹೊತ್ತು ತರುತ್ತಿದ್ದಳು. ಮಾರುಕಟ್ಟೆ ವಿಭಾಗೀಕರಣ ಅಂತೆ, ಮೌಲ್ಯ ಪ್ರಸ್ತಾಪ ಅಂತೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅಣ್ಣ, "ಬಂದ್ರಪ್ಪ ಛೇರ್ಮನ್ನರು, ದಾರಿ ಬಿಡಿ" ಅನ್ನುವನು. ಇವಳು ಬ್ಯಾಗ್ ಇಟ್ಟು, ಕೈತೊಳೆದು, ಹರಿದ ಸೀಟುಗಳ ಹಳೆಯ ಮೊಳೆ ಕೀಳಲು ಕೂರುವಳು. ತರಗತಿಯಲ್ಲಿ ಹುಡುಗರೆಲ್ಲ ಮೊಬೈಲ್ ಆ್ಯಪ್ ಮಾಡುತ್ತೇವೆ ಅನ್ನುತ್ತಾರಂತೆ. ಬಟ್ಟೆ ಒಗೆಯಲು ಆ್ಯಪ್, ನಾಯಿ ಓಡಾಡಿಸಲು ಆ್ಯಪ್. ನಾನು ನಕ್ಕೆ. "ನಗಬೇಡ ಅತ್ತೆ, ಅವರು ಏನೋ ಒಂದು ಮಾಡ್ತೀನಿ ಅಂತಾದ್ರೂ ಅಂತಾರೆ" ಅಂದಳು. ನನಗೆ ಸ್ವಲ್ಪ ಉರಿಯಿತು, ಆದರೆ ಮಾತು ಸರಿಯಾಗಿತ್ತು.

ಆ ವಿಭಾಗದ ಮುಖ್ಯಸ್ಥೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಬೀಗ ಮೇಡಂ. ಯಾಕೆ ಆ ಹೆಸರು ಅನ್ನುವುದು ಆಮೇಲೆ ಬರುತ್ತದೆ. ಎರಡನೇ ವರ್ಷ ಮೇಡಂ ಒಂದು ಕೆಲಸ ಕೊಟ್ಟರು. ಪರಿಚಯದ ಒಂದು ವ್ಯಾಪಾರ ಆರಿಸಿಕೊಳ್ಳಿ. ಗಿರಾಕಿ ಅಂಗಡಿಯ ಮುಂದೆ ನಿಂತಾಗ ಏನು ಮಾಡುತ್ತಾನೆ ಅನ್ನುವುದು ಬೇಡ. ಅಂಗಡಿಯಿಂದ ದೂರ, ತನ್ನ ಮನೆಯಲ್ಲಿ ಏನು ಮಾಡುತ್ತಿದ್ದಾನೆ ಅಂತ ನೋಡಿ ಬನ್ನಿ.

ಮೊಂಡಿ ಏನು ಮಾಡಿದಳು ಅಂದರೆ, ನಮ್ಮ ಅಂಗಡಿಯಲ್ಲಿ ರಿಪೇರಿಗೆ ಬಿದ್ದಿದ್ದ ಕುರ್ಚಿಗಳ ಯಜಮಾನರ ಮನೆಗಳಿಗೆ ಹೋದಳು. ಒಂದು ವಾರ ತಿರುಗಿದಳು. ಒಂದು ಮನೆಯಲ್ಲಿ ಶಾಲೆಯ ಟೀಚರು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳಂತೆ. ಇನ್ನೊಂದರಲ್ಲಿ ಗಂಡ ಹೆಂಡತಿ ನಿಂತುಕೊಂಡೇ ಊಟ ಮಾಡುತ್ತಿದ್ದರಂತೆ. ಮೂರನೆಯದರಲ್ಲಿ ಅಜ್ಜಿಯೊಬ್ಬಳು ಬೆಳಿಗ್ಗೆ ನೆಲದ ಮೇಲೆ ಕೂತವಳು, ಏಳಲಾಗದೆ, ಮಗ ಕೆಲಸದಿಂದ ಬರುವ ತನಕ ಅಲ್ಲೇ ಇರುತ್ತಿದ್ದಳಂತೆ.

"ಅಪ್ಪ, ನಾಳೆ ಬನ್ನಿ, ನಾಡಿದ್ದು ಬನ್ನಿ ಅಂತ ನೀನು ಆರಾಮಾಗಿ ಹೇಳ್ತೀಯಲ್ಲ, ಆ ನಾಡಿದ್ದು ಬರೋ ತನಕ ಅವರು ನೆಲದ ಮೇಲಿರ್ತಾರೆ. ರಿಪೇರಿ ಸಹವಾಸವೇ ಬೇಡ ಅಂತ ಪ್ಲಾಸ್ಟಿಕ್ ಕುರ್ಚಿ ತಗೊಂಡು ಹೋಗೋದು ಇದಕ್ಕೇ."

ಅಷ್ಟು ವರ್ಷ ಅಣ್ಣ ಮೊಳೆ ಹೊಡೆದ, ನಾನು ರೆಕ್ಸಿನ್ ಹೊಲಿದೆ. ಕುರ್ಚಿ ಬರುವುದನ್ನು ನೋಡಿದ್ದೆವು, ಹೋಗುವುದನ್ನು ನೋಡಿದ್ದೆವು. ಕುರ್ಚಿ ಇಲ್ಲದ ಮನೆಯನ್ನು ನಾವಿಬ್ಬರೂ ಒಂದು ದಿನವೂ ನೋಡಿರಲಿಲ್ಲ. ನೋಡಬೇಕು ಅಂತಲೂ ಹೊಳೆದಿರಲಿಲ್ಲ. ಅದನ್ನು ಹೇಳಿಕೊಡಲು ಒಂದು ವಿಶ್ವವಿದ್ಯಾಲಯವೇ ಬೇಕಾಯಿತು ಅನ್ನುವುದನ್ನು ಅಣ್ಣ ಬಾಯಿಬಿಟ್ಟು ಒಪ್ಪಲಿಲ್ಲ, ಆದರೆ ಛೇರ್ಮನ್ನರು ಅನ್ನುವುದನ್ನು ಅವತ್ತಿಗೆ ಬಿಟ್ಟ.

ವಿಶ್ವವಿದ್ಯಾಲಯದ ಸಭಾಂಗಣದ ಹಿಂದೆ ಕಾಲು ಮುರಿದ, ಸೀಟು ಹರಿದ ಕುರ್ಚಿಗಳ ರಾಶಿ ಇತ್ತು. ಮೊಂಡಿ ಬೀಗ ಮೇಡಂ ಮೂಲಕ ಅವನ್ನು ಕೇಳಿ ಪಡೆದು, ನಮ್ಮ ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿ ಒಂದೊಂದಾಗಿ ಸರಿಮಾಡಿದಳು. ಹೊಲಿಗೆ ನನ್ನದು. ಬೋರ್ಡನ್ನು ತಾನೇ ಬರೆದಳು. 'ಬದಲಿ ಕುರ್ಚಿ'. ನಿಮ್ಮ ಕುರ್ಚಿ ರಿಪೇರಿಗೆ ಬಂದರೆ, ಅದು ಮುಗಿಯುವ ತನಕ ನಮ್ಮದೊಂದು ನಿಮ್ಮ ಮನೆಯಲ್ಲಿ. ಅಷ್ಟೇ ಸಂಗತಿ. ಎತ್ತರದ್ದು ಬೇಕಾದವರಿಗೆ ಎತ್ತರದ್ದು, ಕೈ ಇರುವುದು ಬೇಕಾದವರಿಗೆ ಕೈ ಇರುವುದು, ಮನೆಗೇ ಹೋಗಿ ಅವರನ್ನು ಕೂರಿಸಿ ನೋಡಿ ಕೊಟ್ಟು ಬರುವಳು. ಜನ ಬಂದರು. ಹಳೇ ಗಿರಾಕಿಗಳು ಬಂದರು, ಪ್ಲಾಸ್ಟಿಕ್ಕಿಗೆ ಹೋಗಿದ್ದವರೂ ಬಂದರು. ಆಫೀಸುಗಳಿಂದ ಕರೆ ಬರತೊಡಗಿತು. ಸಹಾಯಕ್ಕೆ ಅಂತ ಒಬ್ಬ ಬಡಗಿಯನ್ನೂ ಇಟ್ಟುಕೊಂಡಳು. ಅಣ್ಣ ಅವಳ ಕುರ್ಚಿಗಳನ್ನು ಕಂಡೂ ಕಾಣದವನಂತೆ ದಾಟಿಹೋಗುವನು, ಯಾರೂ ಇಲ್ಲದಾಗ ಒಂದೊಂದರ ಕಾಲು ಅಲ್ಲಾಡಿಸಿ ನೋಡುವನು.

ಈಗ ಬೀಗದ ವಿಷಯ. ಆ ವಿಭಾಗದಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ನಿಜವಾದ ವ್ಯಾಪಾರ ತೆರೆಯಬೇಕು. ಕೊನೆಯ ವರ್ಷದ ಕೊನೆಯ ಪೇಪರಿನಲ್ಲಿ ಅದನ್ನು ಮುಚ್ಚಬೇಕು. ಹೌದು, ಮುಚ್ಚಬೇಕು. ಅದಕ್ಕೊಂದು ದಿನ ಗೊತ್ತುಮಾಡಿ, ಸಭಾಂಗಣದಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು, ವಿದ್ಯಾರ್ಥಿ ತನ್ನ ಬೋರ್ಡು ಇಳಿಸಿ ತಂದು ಪರೀಕ್ಷಕರ ಕೈಗೆ ಕೊಡಬೇಕು. ಆ ಬೋರ್ಡುಗಳನ್ನು ವಿಭಾಗದ ಪಡಸಾಲೆಯ ಗೋಡೆಗೆ ಸಾಲಾಗಿ ತೂಗುಹಾಕುತ್ತಾರೆ. ಮುಚ್ಚಿದ್ದು ಅಂತ ಲೆಕ್ಕಕ್ಕೆ ಬರಬೇಕಾದರೆ ನಿಯಮ ಇದು: ನಿನ್ನದು ಯಾವುದೂ ಗಿರಾಕಿಯ ಹತ್ತಿರ ಇರಬಾರದು, ಗಿರಾಕಿಗೆ ನೀನು ಕೊಟ್ಟ ಮಾತು ಯಾವುದೂ ಬಾಕಿ ಇರಬಾರದು. ಈ ಪೇಪರು ಪಾಸಾಗದೆ ಪದವಿ ಇಲ್ಲ. ಇರುವುದು ಮೂರೇ ಅವಕಾಶ, ವರ್ಷಕ್ಕೊಂದು.

ಕೇಳಿದಾಗ ನಾನು ಹುಚ್ಚರ ಸಂತೆ ಅಂದುಕೊಂಡೆ. ಆದರೆ ಬೀಗ ಮೇಡಮ್ಮಿಗೆ ಅವರದೇ ಕಾರಣ ಇತ್ತು. ಅದನ್ನು ಅವರು ಸಭಾಂಗಣದಲ್ಲಿ ಎಲ್ಲರ ಮುಂದೆಯೇ ಹೇಳಿದರು. "ನಮ್ಮಪ್ಪಂಗೆ ಒಂದು ಪ್ರಿಂಟಿಂಗ್ ಪ್ರೆಸ್ ಇತ್ತು. ಅದು ಯಾವತ್ತೋ ಸತ್ತುಹೋಗಿತ್ತು. ಮುಚ್ಚೋದು ಹೇಗೆ ಅಂತ ಅವರಿಗೆ ಗೊತ್ತಾಗಲಿಲ್ಲ, ಮನೇನೂ ಹೋಯ್ತು, ಆರೋಗ್ಯಾನೂ ಹೋಯ್ತು. ನನ್ನ ಕೈಲಿ ಓದಿದ ಮಕ್ಕಳಿಗೆ ಹಾಗಾಗಬಾರದು." ತೆಳ್ಳಗಿನ ಹೆಂಗಸು, ಧ್ವನಿ ಏರಿಸುವುದಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂತ ಹೋಗಿದ್ದೆ, ಆಗಲಿಲ್ಲ.

ಮೊದಲ ಸಲ ಮೊಂಡಿಯ ಸಹಪಾಠಿಗಳೆಲ್ಲ ಬೋರ್ಡು ತಂದರು. ಬಹಳ ಜನಕ್ಕೆ ಪೀಡೆ ಕಳೆಯಿತು ಅನ್ನುವ ಸಂತೋಷವೇ. ಇವಳ ಸರದಿ ಬಂದಾಗ ಬರಿಗೈಯಲ್ಲಿ ಎದ್ದು ನಿಂತಳು.

"ನನ್ನದು ಮುಚ್ಚೋದಿಲ್ಲ ಮೇಡಂ. ಸತ್ತಿದ್ದನ್ನ ಮುಚ್ಚಿ ಅಂತ ನೀವು ಹೇಳೋದು ಸರಿ. ನಂದು ಬದುಕಿದೆ."

"ಪರೀಕ್ಷೆ ಎಲ್ಲರಿಗೂ ಒಂದೇ" ಅಂದರು ಮೇಡಂ.

"ಹಾಗಾದ್ರೆ ಎಲ್ಲರಿಗೂ ಒಂದೇ ಥರ ಫೇಲ್ ಮಾಡಿ."

ಮಾಡಿದರು. ಮರುವರ್ಷವೂ ಹೋದಳು, ಮತ್ತೆ ಬರಿಗೈ, ಮತ್ತೆ ವಾದ, ಮತ್ತೆ ಫೇಲು. ಅಷ್ಟರಲ್ಲಿ ಮನೆಯಲ್ಲಿ ಒಂದು ವಿಚಿತ್ರ ನಡೆದಿತ್ತು. ಆ ಓದನ್ನು ಕಂಡರೆ ಉರಿದುಬೀಳುತ್ತಿದ್ದ ಅಣ್ಣನಿಗೆ ಈಗ ಪದವಿಯ ಹುಚ್ಚು ಹಿಡಿದಿತ್ತು. ನಮ್ಮ ವಂಶದಲ್ಲಿ ಪದವಿ ಪಡೆದವರು ಒಬ್ಬರೂ ಇಲ್ಲ. ಷಡ್ಡಕ ಸಿಕ್ಕಸಿಕ್ಕಲ್ಲಿ, "ಪಾಪ, ನಾಲ್ಕು ವರ್ಷ ಓದಿ ಫೇಲಂತೆ" ಅಂತ ಕೊರಗುತ್ತಿದ್ದ. ಅವನು ಕೊರಗಿದಷ್ಟೂ ಅಣ್ಣ ಒಳಗೊಳಗೇ ಬೇಯುತ್ತಿದ್ದ. "ಒಂದು ಬೋರ್ಡು ಇಳಿಸೋಕೆ ಏನು ರೋಗ ಇವಳಿಗೆ" ಅಂತ ಊಟಕ್ಕೆ ಕೂತಾಗಲೆಲ್ಲ ರಾಗ. ನಾನೂ ಅವನ ಪಕ್ಷವೇ. ಅವಳು ಪದವಿಯ ಗೌನು ತೊಟ್ಟು ನಿಲ್ಲುವುದನ್ನು ನೋಡಬೇಕು ಅಂತ ನನಗೂ ಆಸೆ ಇತ್ತು, ಯಾಕೆ ಸುಳ್ಳು ಹೇಳಲಿ.

ಒಂದು ಸಂಜೆ ರೆಕ್ಸಿನ್ ಕತ್ತರಿಸುತ್ತ ಕೇಳಿದೆ, "ನಿನಗೆ ಬೇಡವೇನೇ ಅದು?"

"ಬೇಕು ಅತ್ತೆ. ತುಂಬಾ ಬೇಕು. ನಾಲ್ಕು ವರ್ಷ ಅಲ್ಲಿ ಹಿಂದಿನ ಬೆಂಚಲ್ಲಿ ಮಲಗಿದ್ನಾ ನಾನು?" ಅಂದಳು. ಅವಳ ಕಣ್ಣು ತುಂಬಿದ್ದು ಕಂಡು ನಾನು ಕತ್ತರಿ ಕಡೆ ನೋಡಿಕೊಂಡೆ. ಆ ಹುಡುಗಿ ಚಿಕ್ಕಂದಿನಲ್ಲೂ ಅಳುವವಳಲ್ಲ.

ಮೂರನೆಯ ಅವಕಾಶ ಹತ್ತಿರ ಬಂದಾಗ ಬೀಗ ಮೇಡಂ ತಾವೇ ನಮ್ಮ ಅಂಗಡಿಗೆ ಬಂದರು. ಕೂರಲು ಒಳ್ಳೆಯದೊಂದು ಕುರ್ಚಿ ಹುಡುಕಿದೆ. ಕುರ್ಚಿಯಂಗಡಿಯಲ್ಲಿ ಅವತ್ತು ಇದ್ದದ್ದು ಅರ್ಧ ಬಿಚ್ಚಿದವೇ. ಅವರು ಒಂದು ಸ್ಟೂಲಿನ ಮೇಲೆ ಕೂತರು.

"ನೋಡಮ್ಮ, ಒಂದು ದಿನ ಸಾಕು ನನಗೆ" ಅಂದರು ಮೊಂಡಿಗೆ. "ಮೊದಲೇ ತಯಾರಿ ಮಾಡ್ಕೋ. ಹೊರಗಿರೋ ಕುರ್ಚಿಗಳೆಲ್ಲ ಆ ದಿನಕ್ಕೆ ವಾಪಸ್ ಬಂದಿರ್ಲಿ, ಹೊಸದು ಕೊಡಬೇಡ. ಬೋರ್ಡ್ ಇಳಿಸಿ ತಗೊಂಡ್ಬಾ. ಮರುದಿನ ಹೊಸ ಬೋರ್ಡ್ ಬರೆಸ್ಕೊಂಡು ತೆರಿ, ನಾನೇ ಬಂದು ನಿಲ್ತೀನಿ. ನಿಯಮಾನೂ ಉಳಿಯುತ್ತೆ, ನಿನ್ನ ಅಂಗಡಿನೂ ಉಳಿಯುತ್ತೆ."

ಅಣ್ಣ ಸುತ್ತಿಗೆ ಹಿಡಿದು ಕೈಮುಗಿಯುವಂತೆ ನಿಂತಿದ್ದ. ಮೊಂಡಿ ಹೊರಗೆ ಹೋಗಿ ತನ್ನ ಬೋರ್ಡನ್ನೊಮ್ಮೆ ನೋಡಿ ಬಂದು, "ಆಯ್ತು ಮೇಡಂ" ಅಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದೇ ಕಮ್ಮಿ.

ಅವಳು ಮೋಸ ಮಾಡಲಿಲ್ಲ. ವಾರಗಟ್ಟಲೆ ಮೊದಲೇ ಹೊಸ ಗಿರಾಕಿಗಳಿಗೆ ಕಾರಣ ಹೇಳಿ ಆಮೇಲೆ ಬನ್ನಿ ಅಂದಳು. ಒಳಗಿದ್ದ ರಿಪೇರಿಗಳನ್ನು ಬಡಗಿ, ಅಣ್ಣ, ನಾನು ಎಲ್ಲ ಸೇರಿ ಮುಗಿಸಿದೆವು. ಬದಲಿ ಕುರ್ಚಿಗಳು ಒಂದೊಂದಾಗಿ ಅಂಗಡಿಗೆ ವಾಪಸ್ ಬಂದವು. ಉಳಿದದ್ದು ಒಂದು. ಎರಡು ಬೀದಿ ಆಚೆ ಇರುವ ನಿವೃತ್ತ ಲಾರಿ ಡ್ರೈವರರ ಮನೆಯಲ್ಲಿದ್ದದ್ದು. ಅವರ ದೊಡ್ಡ ಒರಗು ಕುರ್ಚಿಯನ್ನು ಬಿಚ್ಚಿದಾಗ ಚೌಕಟ್ಟು ಪೂರ್ತಿ ಗೆದ್ದಲು ಹಿಡಿದಿತ್ತು. ಹೊಸ ಮರ ಕೂರಿಸಬೇಕು, ಅಂಟು ಒಣಗಬೇಕು. ಎಷ್ಟೇ ಓಡಾಡಿದರೂ ಆ ದಿನಕ್ಕೆ ಆಗುವಂತಿರಲಿಲ್ಲ.

"ಅದೊಂದನ್ನ ಮೇಡಂಗೆ ಹೇಳಿ ನೋಡ್ತೀನಿ" ಅಂತ ಮೊಂಡಿ ಬೋರ್ಡು ಇಳಿಸಿ, ಬಟ್ಟೆಯಲ್ಲಿ ಸುತ್ತಿ ಬಾಗಿಲ ಬಳಿ ಇಟ್ಟಳು.

ಪರೀಕ್ಷೆಯ ಬೆಳಿಗ್ಗೆ ನಾವು ಏಳುವ ಮೊದಲೇ ಅಣ್ಣ ತಳ್ಳುಗಾಡಿ ತೆಗೆದುಕೊಂಡು ಹೊರಟುಹೋಗಿದ್ದ. ಮೊಂಡಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ತಲೆ ಬಾಚುತ್ತಿದ್ದಾಗ ಗಾಡಿಯ ಸದ್ದು ಕೇಳಿಸಿತು. ಅಣ್ಣ ಗೆದ್ದವನ ಹಾಗೆ ಬಂದ. ಗಾಡಿಯ ಮೇಲೆ ಬದಲಿ ಕುರ್ಚಿ.

"ತಗೊಂಡ್ಬಂದೆ. ಅವರ ಸೊಸೆ ಒಂದು ಮಾತೂ ಆಡ್ಲಿಲ್ಲ. ಇನ್ನೇನು ಬಾಕಿ ಇಲ್ಲ, ನಡಿ."

ಮೊಂಡಿ ಬಾಚಣಿಗೆ ಹಿಡಿದುಕೊಂಡೇ ಹೊರಬಂದಳು. "ಅವರನ್ನ ಎಲ್ಲಿ ಬಿಟ್ಟು ಬಂದೆ?"

"ಮಂಚದ ಮೇಲೆ. ದಿಂಬು ಎಲ್ಲಾ ಕೊಟ್ಟಿದ್ದಾರೆ."

ಆಗ ತಾನೇ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅತ್ತಿಗೆ ಬಾಗಿಲಲ್ಲೇ ನಿಂತಳು. "ಅವರು ಹೃದಯದ ರೋಗಿ ಅಲ್ವಾ" ಅಂದಳು. "ನಮ್ಮ ವಾರ್ಡಲ್ಲೇ ಇದ್ರು. ಮಲಗಿದ್ರೆ ಉಸಿರು ಕಟ್ಟುತ್ತೆ ಅವರಿಗೆ. ರಾತ್ರಿನೂ ಕೂತ್ಕೊಂಡೇ ನಿದ್ದೆ ಮಾಡೋದು."

"ನನಗೇನು ಗೊತ್ತಿತ್ತು" ಅಂದ ಅಣ್ಣ. "ಒಂದು ದಿನ ತಾನೆ. ಸಂಜೆ ನಾನೇ ವಾಪಸ್ ಕೊಟ್ಟು ಬರ್ತೀನಿ."

ಮೊಂಡಿ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು ಗಾಡಿಯ ಹಿಡಿಕೆ ಹಿಡಿದಳು. ಅಣ್ಣ ಗಾಡಿಯ ಮುಂದೆ ಅಡ್ಡ ನಿಂತ.

"ಈಗ ಅದನ್ನ ವಾಪಸ್ ಕೊಟ್ರೆ ಮತ್ತೆ ಅವಕಾಶ ಇಲ್ಲ, ಗೊತ್ತಲ್ಲ?"

"ಗೊತ್ತು."

"ಯಾರೋ ಒಬ್ಬ ಡ್ರೈವರಿಗೋಸ್ಕರ ಪದವಿ ಬಿಡ್ತೀಯಾ?"

"ಯಾರೋ ಅಲ್ಲಪ್ಪ. ಗಿರಾಕಿ."

ಅಣ್ಣ ಅಲುಗಲಿಲ್ಲ. ಅವನ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಡಿಕೆ ಇತ್ತು. ಆದರೂ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಹೋಗಿ ಗಾಡಿಯ ಇನ್ನೊಂದು ಬದಿ ಹಿಡಿದೆ. "ಅಣ್ಣ, ಪಕ್ಕಕ್ಕೆ ಬಾ" ಅಂದೆ. ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಪಕ್ಕಕ್ಕೆ ಸರಿದ.

ಬೆಳಗಿನ ಬೀದಿಯಲ್ಲಿ ಹಾಲಿನವರು, ಶಾಲೆಯ ಮಕ್ಕಳು, ಆಫೀಸಿಗೆ ಓಡುವವರು. ಅವರ ನಡುವೆ ಒಳ್ಳೆಯ ಬಟ್ಟೆ ತೊಟ್ಟ ಹುಡುಗಿ, ಮಾಸಿದ ಬಟ್ಟೆಯ ನಾನು, ಗಾಡಿಯ ಮೇಲೆ ರಾಜನಂತೆ ಕೂತ ಖಾಲಿ ಕುರ್ಚಿ. ಡ್ರೈವರರು ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿಗೆ ಊರಿ, ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದರು. ದಿಂಬುಗಳು ಹಿಂದೆ ಬಿದ್ದಿದ್ದವು. ನಾವಿಬ್ಬರೂ ತೋಳು ಹಿಡಿದು ಅವರನ್ನು ಕುರ್ಚಿಗೆ ಕೂರಿಸಿದೆವು. ಬೆನ್ನು ಒರಗಿ, ಉಸಿರು ಹತೋಟಿಗೆ ಬಂದ ಮೇಲೆ, "ನಿಮ್ಮಪ್ಪ ಬೇಕು ಅಂದ್ರಮ್ಮ, ಕೊಟ್ಬಿಟ್ಟೆ. ನಿಮ್ದೇ ಅಲ್ವಾ" ಅಂದರು.

"ನಿಮ್ಮ ಕುರ್ಚಿ ಮುಗಿಯೋ ತನಕ ಇದು ನಿಮ್ದೇ. ಅಪ್ಪ ಬಂದ್ರೂ ಕೊಡಬೇಡಿ. ನಾನೇ ಬಂದ್ರೂ ಕೊಡಬೇಡಿ" ಅಂದಳು ಮೊಂಡಿ. ಗದರಿದಂತೆಯೇ ಅಂದಳು.

ಮನೆಗೆ ಬಂದು, ಬೋರ್ಡಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅದನ್ನು ಮತ್ತೆ ಅದರ ಜಾಗಕ್ಕೆ ಹಾಕಿದಳು. ನಾವು ಹೋಗಿ ತಲುಪುವಾಗ ಸಭಾಂಗಣದಲ್ಲಿ ಅರ್ಧ ಜನರ ಸರದಿ ಮುಗಿದಿತ್ತು. ಅಣ್ಣ ಬರಲಿಲ್ಲ.

ಬೀಗ ಮೇಡಂ ಅವಳ ಬರಿಗೈ ನೋಡಿದರು. ಪಕ್ಕದಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಪರೀಕ್ಷಕರು, ಕನ್ನಡಕ ಹಣೆಗೇರಿಸಿಕೊಂಡ ಸಾಧು ಮನುಷ್ಯ.

"ಒಂದು ಕುರ್ಚಿ ಹೊರಗಿದೆ ಮೇಡಂ" ಅಂದಳು ಮೊಂಡಿ. ಕಾರಣವನ್ನೂ ಹೇಳಿದಳು, ಚುಟುಕಾಗಿ.

"ಒಂದೇ ತಾನೆ" ಅಂದರು ಪರೀಕ್ಷಕರು. "ಅಂಗಡಿ ಮುಚ್ಚಿದೆ, ಒಂದು ವಸ್ತು ಬರೋದಿದೆ ಅಂತ ಬರೆದುಕೊಳ್ಳೋಣ. ಇದಕ್ಕೆಲ್ಲ ಯಾಕೆ ಹುಡುಗಿ ಪದವಿ ತಪ್ಪಿಸೋದು."

ಹೂಂ ಅನ್ನೇ, ಹೂಂ ಅನ್ನೇ ಅಂತ ನಾನು ಮನಸ್ಸಿನಲ್ಲೇ ಬಡಿದುಕೊಳ್ಳುತ್ತಿದ್ದೆ.

"ಬೇಡ ಸರ್" ಅಂದಳು. "ಗಿರಾಕಿಗೆ ಕೊಟ್ಟ ಮಾತು ಒಂದು ಬಾಕಿ ಇದ್ರೂ ಅಂಗಡಿ ಮುಚ್ಚಿಲ್ಲ ಅಂತ ಮೇಡಮ್ಮೇ ಕಲಿಸಿದ್ದು. ನಾನು ಅದನ್ನ ಚೆನ್ನಾಗಿ ಕಲ್ತಿದ್ದೀನಿ. ನನ್ನ ಅಂಗಡಿ ಇವತ್ತೂ ತೆರೆದಿದೆ. ಅದು ಮುಚ್ಚಿದೆ ಅಂತ ಬರೆದು ಪದವಿ ಕೊಟ್ರೆ ನಾನು ತಗೊಳ್ಳಲ್ಲ."

ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ನಾನು ಫೇಲ್ ಮಾಡಲೇಬೇಕಾಗುತ್ತೆ. ಇದು ಕೊನೇದು."

"ಮಾಡಿ ಮೇಡಂ."

ಮೇಡಂ ಬರೆದರು. ಬರೆಯುವಾಗ ಅವರ ಕೈ ನಿಧಾನವಾಗಿತ್ತು, ಆದರೆ ನಿಲ್ಲಲಿಲ್ಲ. ಇಬ್ಬರೂ ಮೊಂಡಿಯರೇ ಅಂತ ನನಗೆ ಅನ್ನಿಸಿತು. ಅಳುವೂ ಬಂತು, ಎದ್ದು ನಿಂತು ಚಪ್ಪಾಳೆ ಹೊಡೆಯುವಷ್ಟು ಹೆಮ್ಮೆಯೂ ಬಂತು. ಹೊರಗೆ ಬಂದ ಮೇಲೆ ಪಡಸಾಲೆಯಲ್ಲಿ ಆ ಬೋರ್ಡುಗಳ ಸಾಲಿನ ಕೆಳಗೆ ಮೊಂಡಿ ಒಂದು ನಿಮಿಷ ಗೋಡೆಗೆ ಒರಗಿ ನಿಂತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ನಡಿ ಅತ್ತೆ, ಆ ಚೌಕಟ್ಟಿನ ಅಂಟು ಒಣಗಿದ್ಯಾ ನೋಡೋಣ" ಅಂದಳು.

ಅಣ್ಣ ಮಾತು ಬಿಟ್ಟ. ಮಗಳ ಜೊತೆಯೂ ಇಲ್ಲ, ನನ್ನ ಜೊತೆಯೂ ಇಲ್ಲ. ಉಪ್ಪು ಬೇಕಾದರೂ ಅತ್ತಿಗೆಯನ್ನೇ ಕೇಳುವನು. ಅವಳು ಮನೆಯಲ್ಲಿ ಇರುವುದೇ ಕಮ್ಮಿಯಾದ್ದರಿಂದ ಬಹಳ ದಿನ ಸಪ್ಪೆಯೇ ತಿಂದ. ಡ್ರೈವರರ ಕುರ್ಚಿಗೆ ಹೊಸ ಚೌಕಟ್ಟು ಕೂತಿತು, ನಾನು ಹೊಲಿದು ಕೊಟ್ಟೆ, ಮೊಳೆ ಅಣ್ಣನೇ ಹೊಡೆದ. ತಲುಪಿಸುವ ದಿನ ಮೊಂಡಿ ಬೇರೆ ಕಡೆ ಹೋಗಿದ್ದಳು. ಅಣ್ಣ ಯಾರಿಗೂ ಹೇಳದೆ ಗಾಡಿಗೆ ಹೇರಿಕೊಂಡು ಹೊರಟ. ಊಟದ ಹೊತ್ತಿಗೆ ಬರಬೇಕಿತ್ತು, ಬಿಸಿಲು ಇಳಿದ ಮೇಲೆ ಬಂದ. ಗಾಡಿಯಲ್ಲಿ ಬದಲಿ ಕುರ್ಚಿ ಇತ್ತು.

"ಎಲ್ಲಿಗೆ ಹೋಗಿದ್ದೆ ಇಷ್ಟು ಹೊತ್ತು?" ಅಂದೆ.

"ಅದರಲ್ಲೇ ನಿದ್ದೆ ಮಾಡ್ತಿದ್ರು. ಎಬ್ಬಿಸೋಕೆ ಮನಸ್ಸಾಗಲಿಲ್ಲ. ಅವರ ಮೆಟ್ಟಿಲ ಮೇಲೆ ಕೂತಿದ್ದೆ" ಅಂದ. ಅಷ್ಟು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು.

ಆಮೇಲೆ ಕೆಲವು ವಾರಕ್ಕೆ ಹೊಸ ಗಿರಾಕಿಯೊಬ್ಬರು ತಮ್ಮ ತಾಯಿಯ ಕುರ್ಚಿ ಹೊರಿಸಿಕೊಂಡು ಬಂದರು. ಯಾವುದೋ ಕಾಲೇಜಿನ ಉಪನ್ಯಾಸಕರಂತೆ. ಮೊಂಡಿ ಅವರ ತಾಯಿಯ ಎತ್ತರ, ಕಾಲು ನೋವು ಎಲ್ಲ ಕೇಳಿ, ಬದಲಿ ಕುರ್ಚಿ ಆರಿಸಲು ಪಕ್ಕಕ್ಕೆ ಹೋದಳು. ಅವರು ಅವಳು ಹೋದ ಕಡೆಯೇ ನೋಡುತ್ತ ಅಣ್ಣನಿಗೆ, "ನಿಮ್ಮ ಮಗಳಾ? ಏನು ಓದಿದ್ದಾರೆ?" ಅಂದರು.

ನನ್ನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಅಣ್ಣ ಬಾಯಲ್ಲಿ ಹಿಡಿದಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ.

"ಉದ್ಯಮಶೀಲತೆ. ನಾಲ್ಕು ವರ್ಷ. ಎಲ್ಲಾ ಪೇಪರೂ ಪಾಸು. ಅಂಗಡಿ ಮುಚ್ಚೋ ಪೇಪರ್ ಅಂತ ಒಂದಿದೆ ಅಲ್ಲಿ, ಅದೊಂದು ಮಾತ್ರ ಆಗ್ಲಿಲ್ಲ. ಮೂರು ಸಲ ಕೂತ್ರೂ ಅವಳಿಗೆ ಅಂಗಡಿ ಮುಚ್ಚೋಕೆ ಬರಲಿಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ಉಪನ್ಯಾಸಕರಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ, ಇನ್ನೊಂದು ಸಲ ಹೇಳಿದ.